ಬ್ರೆಸ್ಟ್‌ಸ್ಟ್ರೋಕ್ ಕಲಿಯುವುದು ಹೇಗೆ: ಮೊದಲು ಉಸಿರು, ಆಮೇಲೆ ಕಾಲು, ಕೊನೆಗೆ ಕೈ

ಬ್ರೆಸ್ಟ್‌ಸ್ಟ್ರೋಕ್ ಅಂದರೆ ಬೋರಲು ಮಲಗಿ, ಎರಡೂ ಕೈಯನ್ನು ಒಟ್ಟಿಗೆ ಎಳೆದು, ಎರಡೂ ಕಾಲನ್ನು ಒಟ್ಟಿಗೆ ಒದ್ದು ಹೋಗುವ ಈಜು. ಇದನ್ನು ಕಲಿಯಲು ಹೊರಟವರಲ್ಲಿ ಬಹಳ ಜನ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಕೈ ಎಳೆಯುತ್ತಾರೆ, ಕಾಲು ಒದೆಯುತ್ತಾರೆ, ತಲೆ ಎತ್ತಿ ಉಸಿರೂ ತೆಗೆದುಕೊಳ್ಳುತ್ತಾರೆ. ಆದರೆ ದೇಹ ಇದ್ದಲ್ಲೇ ಇರುತ್ತದೆ. ಹತ್ತು ಮೀಟರ್ ದಾಟುವಷ್ಟರಲ್ಲಿ ಏದುಸಿರು. ಇನ್ನೂ ಜೋರಾಗಿ ಎಳೆದರೆ ಸರಿಹೋಗಬಹುದು ಅಂತ ಜೋರು ಮಾಡುತ್ತಾರೆ. ಆಗ ಸೊಂಟ ಇನ್ನಷ್ಟು ಕೆಳಗಿಳಿಯುತ್ತದೆ.

ಇಲ್ಲಿ ತಪ್ಪಿರುವುದು ಕಲಿಯುವ ಕ್ರಮ. ಬೇರೆ ಈಜುಗಳಲ್ಲಿ ಕೈಯೇ ಮುಖ್ಯ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಮುಂದಕ್ಕೆ ತಳ್ಳುವ ಕೆಲಸದ ದೊಡ್ಡ ಪಾಲು ಕಾಲಿನದು. ಆದರೆ ಕೈ ಕಣ್ಣೆದುರೇ ಇರುತ್ತದೆ, ಹಾಗಾಗಿ ಎಲ್ಲರೂ ಅಲ್ಲಿಂದ ಶುರು ಮಾಡುತ್ತಾರೆ. ಹಿಂದೆ ಕಾಲು ಏನು ಮಾಡುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ಈ ಮಾರ್ಗದರ್ಶಿಯಲ್ಲಿ ಕೈ ಬರುವುದು ಐದನೇ ಹಂತದಲ್ಲಿ. ಅಲ್ಲಿಯವರೆಗಿನ ಪ್ರತಿ ಹಂತಕ್ಕೂ ಒಂದು ಸಣ್ಣ ಪರೀಕ್ಷೆ ಇದೆ. ಅದು ಆಗದೆ ಮುಂದಕ್ಕೆ ಹಾರಿದರೆ ಮತ್ತೆ ವಾಪಸ್ ಬರಬೇಕಾಗುತ್ತದೆ, ಅಷ್ಟೇ.

## ನೀರಿಗಿಳಿಯುವ ಮುಂಚೆ

ಒಬ್ಬರೇ ಅಭ್ಯಾಸ ಮಾಡಬೇಡಿ. ಲೈಫ್‌ಗಾರ್ಡ್ ಇರುವ ಕೊಳ ಬೇಕು, ಅಥವಾ ಚೆನ್ನಾಗಿ ಈಜು ಬರುವ ಒಬ್ಬರು ಪಕ್ಕದಲ್ಲಿ ಇರಬೇಕು. "ಪಕ್ಕದಲ್ಲಿ" ಅಂದರೆ ನಿಮ್ಮನ್ನೇ ನೋಡುತ್ತಾ ಇರುವುದು. ಅಂಚಿನಲ್ಲಿ ಕುಳಿತು ಫೋನ್ ನೋಡುವವರು ಲೆಕ್ಕಕ್ಕಿಲ್ಲ.

ನೀರು ನಿಮ್ಮ ಎದೆಯ ಮಟ್ಟಕ್ಕಿರಲಿ. ಸೊಂಟದ ಮಟ್ಟದ ನೀರಿನಲ್ಲಿ ಕಾಲು ನೆಲಕ್ಕೆ ತಾಗುತ್ತಿರುತ್ತದೆ. ಕುತ್ತಿಗೆಯವರೆಗೆ ಬಂದರೆ ಭಯ ಶುರುವಾಗುತ್ತದೆ, ಭಯ ಇದ್ದಾಗ ಮೈ ಬಿಗಿಯುತ್ತದೆ. ಮೊದಲ ಏಳು ಹಂತಗಳನ್ನೂ ನಿಂತರೆ ಕಾಲು ಸಿಗುವ ಜಾಗದಲ್ಲೇ ಮಾಡಬೇಕು.

ಮೊಣಕಾಲಿಗೆ ಹಿಂದೆ ಪೆಟ್ಟಾಗಿದ್ದರೆ, ಹೃದಯದ ತೊಂದರೆ, ಮೂರ್ಛೆ ರೋಗ ಅಥವಾ ಕಿವಿಯ ಸೋಂಕು ಇದ್ದರೆ ಮೊದಲು ವೈದ್ಯರನ್ನು ಕೇಳಿ. ಮೊಣಕಾಲಿನ ವಿಷಯ ಸುಮ್ನೆ ಹೇಳುತ್ತಿಲ್ಲ. ಈ ಈಜಿನಲ್ಲಿ ಅದರ ಮೇಲೆ ಬೀಳುವ ತಿರುಚುವ ಒತ್ತಡ ಬೇರೆ ಈಜುಗಳಿಗಿಂತ ಜಾಸ್ತಿ.

## ಬೇಕಾಗುವ ಸಾಮಾನು

ಗಾಗಲ್ಸ್ ಬೇಕೇ ಬೇಕು. ಕಣ್ಣು ಬಿಟ್ಟು ನೀರಿನೊಳಗೆ ನೋಡಲು ಆಗದಿದ್ದರೆ ತಲೆ ತಾನಾಗಿಯೇ ಮೇಲೇಳುತ್ತದೆ, ಅಲ್ಲಿಗೆ ಇಡೀ ಈಜು ಕೆಡುತ್ತದೆ. ಕೊಳ್ಳುವಾಗ ಪಟ್ಟಿ ಹಾಕದೆ ಕಣ್ಣಿಗೆ ಮೆಲ್ಲಗೆ ಒತ್ತಿ ಕೈ ಬಿಡಿ. ಒಂದೆರಡು ಕ್ಷಣ ಅಂಟಿಕೊಂಡು ನಿಂತರೆ ನಿಮ್ಮ ಮುಖಕ್ಕೆ ಹೊಂದುತ್ತದೆ. ಕೂಡಲೇ ಬಿದ್ದರೆ ಪಟ್ಟಿ ಎಷ್ಟು ಬಿಗಿದರೂ ನೀರು ನುಗ್ಗುತ್ತದೆ. ಗಾಜಿನ ಒಳಭಾಗವನ್ನು ಬೆರಳಿನಿಂದ ಉಜ್ಜಬೇಡಿ, ಮಂಜು ಕಟ್ಟದಂತೆ ಹಚ್ಚಿರುವ ಲೇಪನ ಹೋಗಿಬಿಡುತ್ತದೆ.

ಕಿಕ್‌ಬೋರ್ಡ್ ಮತ್ತು ಪುಲ್ ಬಾಯ್ ಎರಡೂ ಬೇಕಾಗುತ್ತವೆ. ಬೋರ್ಡ್ ಅಂದರೆ ಕೈಯಲ್ಲಿ ಹಿಡಿಯುವ ತೇಲುವ ಹಲಗೆ, ಪುಲ್ ಬಾಯ್ ಅಂದರೆ ತೊಡೆಗಳ ನಡುವೆ ಇಟ್ಟುಕೊಳ್ಳುವ ತೇಲುವ ತುಂಡು. ಬಹಳಷ್ಟು ಕೊಳಗಳಲ್ಲಿ ಇವು ಇದ್ದೇ ಇರುತ್ತವೆ, ಕೊಳ್ಳುವ ಮುಂಚೆ ಕೇಳಿ ನೋಡಿ. ಮೈಗೆ ಅಂಟಿಕೊಳ್ಳುವ ಈಜುಡುಗೆ ಇರಲಿ. ಸಡಿಲ ಚಡ್ಡಿ, ಟೀ ಶರ್ಟ್ ನೀರು ಹಿಡಿದು ಹಿಂದಕ್ಕೆ ಎಳೆಯುತ್ತವೆ. ಉದ್ದ ಕೂದಲಿದ್ದರೆ ಟೋಪಿ.

ಬೇಡದ ಸಾಮಾನು ಎರಡು. ಒಂದು, ಕಾಲಿಗೆ ಹಾಕುವ ಫಿನ್. ಅದನ್ನು ಹಾಕಿಕೊಂಡು ಈ ಒದೆತ ಕಲಿಯಲು ಆಗುವುದಿಲ್ಲ, ಪಾದ ಹೊರಕ್ಕೆ ತಿರುಗುವುದೇ ಕಷ್ಟ. ಎರಡು, ತೋಳಿಗೆ ಅಥವಾ ಸೊಂಟಕ್ಕೆ ಕಟ್ಟುವ ಗಾಳಿ ಚೀಲ. ಅದು ದೇಹವನ್ನು ನೆಟ್ಟಗೆ ನಿಲ್ಲಿಸುತ್ತದೆ, ನಮಗೆ ಬೇಕಾಗಿರುವುದು ಮಲಗಿಸುವುದು. ಮೂಗಿನ ಕ್ಲಿಪ್ ಬಗ್ಗೆ ಜನ ಕೇಳುತ್ತಾರೆ. ಇಲ್ಲದೆಯೇ ಕಲಿಯಿರಿ ಅಂತ ನನ್ನ ಅಭಿಪ್ರಾಯ. ಮೂಗಿನಿಂದ ಗಾಳಿ ಬಿಡುವುದೇ ನೀರನ್ನು ತಡೆಯುವ ಉಪಾಯ.

## ಹಂತ 1: ನೀರಿನೊಳಗೆ ಉಸಿರು ಬಿಡಿ

ಹೊಸಬರು ಸುಸ್ತಾಗುವುದು ಹೆಚ್ಚಾಗಿ ಉಸಿರು ಹಿಡಿದುಕೊಳ್ಳುವುದರಿಂದ. ಒಳಗೆ ಹಳೆಯ ಗಾಳಿ ತುಂಬಿಕೊಂಡೇ ಇದ್ದರೆ ಹೊಸ ಗಾಳಿಗೆ ಜಾಗ ಎಲ್ಲಿ? ತಲೆ ಎತ್ತಿದ ಅರೆಗಳಿಗೆಯಲ್ಲಿ ಬಿಡುವುದು, ತೆಗೆದುಕೊಳ್ಳುವುದು ಎರಡೂ ಮಾಡಲು ಹೋಗಿ ನೀರು ಕುಡಿಯುತ್ತಾರೆ.

ಅಂಚು ಹಿಡಿದು ನಿಂತುಕೊಳ್ಳಿ. ಬಾಯಿಯಿಂದ ಉಸಿರು ತೆಗೆದುಕೊಂಡು ಮುಖವನ್ನು ನೀರಿಗಿಡಿ. ಮೂಗು, ಬಾಯಿ ಎರಡರಿಂದಲೂ ನಿಧಾನಕ್ಕೆ ಗುಳ್ಳೆ ಬಿಡಿ. ಗಾಳಿ ಮುಗಿಯುತ್ತಾ ಬಂದಾಗ ಮುಖ ಎತ್ತಿ, ಬಾಯಿಯಿಂದ ಉಸಿರು ಎಳೆದುಕೊಂಡು ಕೂಡಲೇ ಮತ್ತೆ ಮುಖ ಇಳಿಸಿ. ಮುಖ ಒರೆಸಿಕೊಳ್ಳಲು ಕೈ ಎತ್ತಬೇಡಿ. ಈಜುವಾಗ ಆ ಕೈಗೆ ಬೇರೆ ಕೆಲಸ ಇರುತ್ತದೆ.

ಪರೀಕ್ಷೆ: ನಿಲ್ಲಿಸದೆ 20 ಸಲ. ಮುಗಿದಾಗ ಏದುಸಿರು ಇರಬಾರದು.

ಎಚ್ಚರಿಕೆ: ನೀರಿನೊಳಗೆ ಜಾಸ್ತಿ ಹೊತ್ತು ಇರಲು ಮೊದಲು ಬೇಗ ಬೇಗ ಆಳವಾದ ಉಸಿರು ತೆಗೆದುಕೊಳ್ಳುವ ಅಭ್ಯಾಸ ಕೆಲವರಿಗಿದೆ. ಇದು ಅಪಾಯ. ಉಸಿರಾಡಬೇಕು ಅನ್ನಿಸುವಂತೆ ಮಾಡುವುದು ಒಳಗೆ ಸೇರುವ ಕಾರ್ಬನ್ ಡೈಆಕ್ಸೈಡ್. ಬಿರುಸಾಗಿ ಉಸಿರಾಡಿದರೆ ಅದು ಕಡಿಮೆಯಾಗುತ್ತದೆ, ಎಚ್ಚರಿಕೆಯ ಗಂಟೆ ಬಾರಿಸುವುದೇ ಇಲ್ಲ. ಆಮ್ಲಜನಕ ಮುಗಿದು ನೀರಿನೊಳಗೇ ಪ್ರಜ್ಞೆ ತಪ್ಪಬಹುದು. ಯಾರು ಜಾಸ್ತಿ ಹೊತ್ತು ಮುಳುಗಿರುತ್ತಾರೆ ಅನ್ನುವ ಪಂದ್ಯವೂ ಬೇಡ.

## ಹಂತ 2: ತೇಲಿ, ನಿಲ್ಲಿ, ಜಾರಿ

ಮೊದಲು ನಿಲ್ಲುವುದನ್ನು ಕಲಿಯಿರಿ. ಬೋರಲು ತೇಲುತ್ತಿರುವಾಗ ಎರಡೂ ಮೊಣಕಾಲನ್ನು ಹೊಟ್ಟೆಯ ಕಡೆ ಎಳೆದುಕೊಳ್ಳಿ, ಕೈಗಳನ್ನು ಕೆಳಕ್ಕೆ ಒತ್ತಿ, ತಲೆ ಎತ್ತಿ, ಆಮೇಲೆ ಪಾದ ಊರಿ. ಈ ಕ್ರಮ ತಪ್ಪಿ ಮೊದಲೇ ಪಾದ ಊರಲು ಹೋದರೆ ಕಾಲು ಜಾರಿ ಮುಖ ನೀರಿಗೆ ಬೀಳುತ್ತದೆ. ಯಾವಾಗ ಬೇಕಾದರೂ ನಿಲ್ಲಬಹುದು ಅನ್ನುವ ಧೈರ್ಯ ಬಂದ ಮೇಲೆ ಮೈ ತಾನಾಗಿ ಸಡಿಲವಾಗುತ್ತದೆ.

ಈಗ ಗೋಡೆಗೆ ಬೆನ್ನು ಮಾಡಿ ನಿಂತು ಒಂದು ಪಾದವನ್ನು ಗೋಡೆಗಿಡಿ. ಕೈಗಳನ್ನು ಮುಂದಕ್ಕೆ ಚಾಚಿ, ತೋಳು ಕಿವಿಗೆ ತಾಗುವಂತೆ ಇರಲಿ. ಮುಖ ನೀರಿಗಿಟ್ಟು, ಇನ್ನೊಂದು ಪಾದವನ್ನೂ ಗೋಡೆಗೆ ತಂದು ತಳ್ಳಿ. ಆಮೇಲೆ ಏನೂ ಮಾಡಬೇಡಿ. ನೋಟ ನೇರ ಕೆಳಗೆ, ಕೊಳದ ತಳದ ಕಡೆ. ಎದೆಯನ್ನು ಸ್ವಲ್ಪ ಕೆಳಕ್ಕೆ ಒತ್ತಿದರೆ ಸೊಂಟ ಮೇಲೆ ಬರುತ್ತದೆ.

ಪರೀಕ್ಷೆ: ಒದೆಯದೆ, ಕೈ ಆಡಿಸದೆ, ಒಂದು ಸಲ ತಳ್ಳಿದರೆ ಕನಿಷ್ಠ 4–5 ಮೀಟರ್ ಜಾರಬೇಕು. ಕಾಲು ಬೇಗ ಮುಳುಗುತ್ತಿದ್ದರೆ ತಲೆ ಎತ್ತಿದ್ದೀರಿ ಅಂತ ಅರ್ಥ. ಬೇರೆ ಕಾರಣ ಹುಡುಕುವ ಮುಂಚೆ ಅದನ್ನು ನೋಡಿ.

## ಹಂತ 3: ಒದೆತ, ನೀರಿನ ಹೊರಗೆ

ಇದು ಈ ಈಜಿನ ಹೃದಯ. ಇಲ್ಲಿ ಎಷ್ಟು ಹೊತ್ತು ಕಳೆದರೂ ನಷ್ಟವಿಲ್ಲ.

"ಕಪ್ಪೆ ಹಾಗೆ ಒದಿ" ಅನ್ನುವ ಮಾತು ಕೊಳದ ಬಳಿ ಸದಾ ಕೇಳಿಸುತ್ತದೆ. ಅದನ್ನು ನಂಬಿ ಜನ ಮೊಣಕಾಲನ್ನು ಎರಡೂ ಕಡೆ ಅಗಲಿಸಿ, ಪಕ್ಕಕ್ಕೆ ಒದ್ದು, ತೊಡೆ ಸೇರಿಸುತ್ತಾರೆ. ಕಾಲಿನ ನಡುವಿನ ನೀರು ಹಿಂಡಿಕೊಂಡು ಹೋಗಿ ನಮ್ಮನ್ನು ತಳ್ಳುತ್ತದೆ ಅನ್ನುವ ಕಲ್ಪನೆ ಅವರದ್ದು. ನಿಜವಾಗಿ ತಳ್ಳುವುದು ಪಾದದ ಒಳಬದಿ ಮತ್ತು ಮೊಣಕಾಲಿನ ಕೆಳಗಿನ ಕಾಲಿನ ಒಳಬದಿ. ಅವು ಹಿಂದಕ್ಕೆ ಮುಖ ಮಾಡಿ ನೀರನ್ನು ಹಿಡಿದರೆ ಮಾತ್ರ ನೀವು ಮುಂದೆ ಹೋಗುತ್ತೀರಿ.

ಒದೆತವನ್ನು ನಾಲ್ಕು ತುಂಡು ಮಾಡಿ.

1. ಎಳೆ. ನೇರವಾಗಿರುವ ಕಾಲುಗಳಿಂದ ಶುರು. ಹಿಮ್ಮಡಿಯನ್ನು ಪೃಷ್ಠದ ಕಡೆ ತನ್ನಿ. ಮೊಣಕಾಲುಗಳ ನಡುವೆ ಸೊಂಟದಷ್ಟೇ ಅಗಲ, ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಇದು ನಿಧಾನದ ಕೆಲಸ, ಪಾದ ಸಡಿಲವಾಗಿರಲಿ.

2. ತಿರುಗಿಸು. ಪಾದವನ್ನು ಮೇಲಕ್ಕೆ ಮಡಚಿ, ಬೆರಳು ಹೊರಕ್ಕೆ ನೋಡುವಂತೆ ತಿರುಗಿಸಿ. ಈಗ ಪಾದಗಳು ಮೊಣಕಾಲುಗಳಿಗಿಂತ ಅಗಲದಲ್ಲಿರಬೇಕು. ಎಲ್ಲರೂ ತಪ್ಪಿಸಿಕೊಳ್ಳುವ ತುಂಡು ಇದೇ.

3. ಒದೆ. ಪಾದದ ಒಳಬದಿಯಿಂದ ನೀರನ್ನು ಹಿಂದಕ್ಕೆ ತಳ್ಳುತ್ತಾ, ಕಾಲು ನೇರ ಮಾಡುತ್ತಾ ಬನ್ನಿ. ಮೆಲ್ಲಗೆ ಶುರುವಾಗಿ ಕೊನೆಯಲ್ಲಿ ಬಿರುಸಾಗಬೇಕು.

4. ಸೇರಿಸು. ಎರಡೂ ಕಾಲು ಒಟ್ಟಿಗೆ ಬಂದು, ಬೆರಳು ಹಿಂದಕ್ಕೆ ಚಾಚಿ, ಹಾಗೇ ಇರಿ.

ಕೊಳದ ಅಂಚಿನಲ್ಲಿ ಕುಳಿತು, ಕೈಯನ್ನು ಹಿಂದೆ ಊರಿ, ಕಾಲುಗಳನ್ನು ನೀರಿನ ಮೇಲೆ ಚಾಚಿ ಮಾಡಿ. ಕಣ್ಣಿಗೆ ಕಾಣುವುದರಿಂದ ತಪ್ಪು ಕೂಡಲೇ ಗೊತ್ತಾಗುತ್ತದೆ. ಎರಡೂ ಪಾದ ಒಂದೇ ಥರ ತಿರುಗುತ್ತಿವೆಯಾ? ಸಾಮಾನ್ಯವಾಗಿ ಒಂದು ಸರಿಯಾಗಿರುತ್ತದೆ, ಇನ್ನೊಂದು ಸೋಮಾರಿ. ಸೋಮಾರಿ ಯಾವುದು ಅಂತ ಇಲ್ಲೇ ಗುರುತಿಸಿಕೊಳ್ಳಿ, ನೀರಿನಲ್ಲಿ ಅದು ಇನ್ನೂ ಸೋಮಾರಿಯಾಗುತ್ತದೆ.

ಆಮೇಲೆ ಬೋರಲು ಮಲಗಿ, ಮೊಣಕಾಲಿನ ಕೆಳಭಾಗ ಅಂಚಿನಿಂದ ಹೊರಗಿರುವಂತೆ ಮಾಡಿ. ಜೊತೆಗಿರುವವರು ನಿಮ್ಮ ಎರಡೂ ಪಾದವನ್ನು ಹಿಡಿದು, ಹೊರಕ್ಕೆ ತಿರುಗಿಸಿ, ಮೆಲ್ಲಗೆ ಒತ್ತಡ ಕೊಡಲಿ. ನೀವು ಅವರ ಅಂಗೈಯನ್ನು ತಳ್ಳಿ. "ಓ, ಇಲ್ಲಿಂದ ತಳ್ಳಬೇಕಾ!" ಅಂತ ಮೊದಲ ಬಾರಿ ಅನ್ನಿಸುವುದು ಹೆಚ್ಚಾಗಿ ಆಗಲೇ.

ಪರೀಕ್ಷೆ: ಕಣ್ಣು ಮುಚ್ಚಿಕೊಂಡು ಹತ್ತು ಒದೆತ. ಜೊತೆಗಾರರು ನೋಡಿ ಹತ್ತರಲ್ಲೂ ಎರಡೂ ಪಾದ ತಿರುಗಿದವು ಅನ್ನಬೇಕು.

ಪಾದದ ಕೀಲು ಬಿಗಿಯಿರುವವರಿಗೆ, ಅದರಲ್ಲೂ ದೊಡ್ಡವರಾದ ಮೇಲೆ ಕಲಿಯುವವರಿಗೆ, ಇಷ್ಟು ತಿರುಗುವುದು ಕಷ್ಟ. ಆಗುವಷ್ಟೇ ತಿರುಗಿಸಿ. ಬಲವಂತ ಮಾಡಿದರೆ ಅದರ ಹೊರೆ ಮೊಣಕಾಲಿಗೆ ಹೋಗುತ್ತದೆ. ತಿರುಗುವಿಕೆ ಸೊಂಟದ ಕೀಲಿನಿಂದಲೂ ಬರುತ್ತದೆ, ಹಾಗಾಗಿ ದಿನಾ ಸ್ವಲ್ಪ ಹೊತ್ತು ಪಾದ ಮತ್ತು ಸೊಂಟದ ಸ್ಟ್ರೆಚ್ ಮಾಡಿದರೆ ಕೆಲವು ವಾರಗಳಲ್ಲಿ ಸಡಿಲವಾಗುತ್ತದೆ.

## ಹಂತ 4: ಒದೆತ, ನೀರಿನಲ್ಲಿ

ಮೊದಲು ಅಂಚು ಹಿಡಿದು. ಕೈ ಚಾಚಿ ಅಂಚು ಹಿಡಿದು, ಬೋರಲು ತೇಲುತ್ತಾ ಒದೆಯಿರಿ. ಸರಿಯಾಗಿ ಒದ್ದರೆ ದೇಹ ಗೋಡೆಯ ಕಡೆಗೆ ನುಗ್ಗುತ್ತದೆ, ಮೊಣಕೈ ಬಾಗುತ್ತದೆ. ಏನೂ ಆಗದಿದ್ದರೆ ಪಾದ ನೀರನ್ನು ಹಿಡಿಯುತ್ತಿಲ್ಲ.

ಆಮೇಲೆ ಬೋರ್ಡ್ ಹಿಡಿದು. ಮುಖ ನೀರಿನಲ್ಲಿ, ಕೈ ನೇರ. ಒಂದು ಒದೆತ, ಆಮೇಲೆ ಮನಸ್ಸಿನಲ್ಲಿ ಮೂರರವರೆಗೆ ಎಣಿಕೆ. ಎಣಿಸುವಾಗ ಕಾಲು ಜೋಡಿಸಿಕೊಂಡೇ ಇರಬೇಕು. ಉಸಿರು ಬೇಕಾದಾಗ, ಕಾಲು ಎಳೆಯುವ ಮೊದಲು, ತಲೆ ಎತ್ತಿ ತೆಗೆದುಕೊಳ್ಳಿ. ಈ ಎಣಿಕೆ ಬೋರು ಹೊಡೆಸುತ್ತದೆ, ಗೊತ್ತು. ಆದರೆ ಎಣಿಸದವರು ಎರಡನೇ ಒದೆತವನ್ನು ಮೊದಲನೆಯದು ಮುಗಿಯುವ ಮುಂಚೆಯೇ ಶುರು ಮಾಡುತ್ತಾರೆ. ಕಾಲನ್ನು ಎಳೆದುಕೊಳ್ಳುವ ಪ್ರತಿ ಸಲವೂ ಅದು ಬ್ರೇಕ್ ಹಾಕುತ್ತದೆ. ಬೇಗ ಬೇಗ ಒದ್ದರೆ ಬೇಗ ಬೇಗ ಬ್ರೇಕ್ ಹಾಕಿದ ಹಾಗೆ.

ಕೊನೆಗೆ ಅಂಗಾತ ಮಲಗಿ. ಬೋರ್ಡನ್ನು ಎದೆಗೆ ಅಪ್ಪಿಕೊಂಡು ಅದೇ ಒದೆತ ಮಾಡಿ. ಮೊಣಕಾಲು ನೀರಿನ ಮೇಲೆ ಬರಬಾರದು. ಬಂದರೆ ನೀವು ತೊಡೆಯನ್ನು ಹೊಟ್ಟೆಯ ಕಡೆಗೆ ಎಳೆಯುತ್ತಿದ್ದೀರಿ. ಬೋರಲು ಈಜುವಾಗ ಇದೇ ತೊಡೆ ನೀರಿಗೆ ಅಡ್ಡಗೋಡೆಯಾಗಿ ನಿಲ್ಲುತ್ತದೆ. ಹಿಮ್ಮಡಿ ಹತ್ತಿರ ಬರಬೇಕು, ಮೊಣಕಾಲು ಅಲ್ಲ.

ಒದೆತದಲ್ಲಿ ಪದೇ ಪದೇ ಕಾಣುವ ತಪ್ಪುಗಳು ಇವು:

ಕತ್ತರಿ ಒದೆತ. ಒಂದು ಪಾದ ಹೊರಕ್ಕೆ ತಿರುಗಿ ಸರಿಯಾಗಿ ತಳ್ಳುತ್ತದೆ, ಇನ್ನೊಂದು ಬೆರಳು ಚಾಚಿಕೊಂಡು ಕೆಳಕ್ಕೆ ಬಡಿಯುತ್ತದೆ. ದೇಹ ಒಂದು ಕಡೆಗೆ ವಾಲುತ್ತದೆ, ಸೊಂಟ ಓರೆಯಾಗುತ್ತದೆ. ನೇರ ಹೋಗಬೇಕೆಂದರೂ ಲೇನಿನ ಹಗ್ಗಕ್ಕೆ ಹೋಗಿ ತಾಗುತ್ತಿದ್ದರೆ ಇದೇ ಕಾರಣ ಇರಬಹುದು. ಮತ್ತೆ ಅಂಚಿನಲ್ಲಿ ಕುಳಿತು ಸೋಮಾರಿ ಪಾದ ಒಂದರಿಂದಲೇ ಮಾಡಿ. ಆಮೇಲೆ ಅಂಗಾತ ಮಲಗಿ, ಎರಡೂ ಪಾದವನ್ನು ನೋಡುತ್ತಾ ನಿಧಾನಕ್ಕೆ ಒದೆಯಿರಿ. ಸ್ಪರ್ಧೆಯಲ್ಲಿ ಈ ಒದೆತಕ್ಕೆ ಅನರ್ಹ ಮಾಡುತ್ತಾರೆ. ತಳ್ಳುವಾಗ ಎರಡೂ ಪಾದ ಹೊರಕ್ಕೆ ತಿರುಗಿರಲೇಬೇಕು ಅನ್ನುವುದು ಈಜಿನ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಅಕ್ವಾಟಿಕ್ಸ್‌ನ ನಿಯಮ.

ಮೊಣಕಾಲು ತುಂಬಾ ಅಗಲ. ಪುಲ್ ಬಾಯನ್ನು ತೊಡೆಗಳ ನಡುವೆ, ಮೊಣಕಾಲಿನ ಸ್ವಲ್ಪ ಮೇಲೆ ಹಿಡಿದು ಒದೆಯಿರಿ. ಬಿದ್ದುಹೋದರೆ ಅಗಲವಾಯಿತು ಅಂತ ಅರ್ಥ.

ಪಾದ ನೀರಿನ ಮೇಲೆ ಬಂದು ಚಪ್ಪಾಳೆ ಹೊಡೆದಂಥ ಸದ್ದು. ಗಾಳಿಯನ್ನು ಒದ್ದರೆ ಏನೂ ಸಿಗುವುದಿಲ್ಲ. ಸೊಂಟ ಒಂಚೂರು ಕೆಳಗಿರಲಿ, ಹಿಮ್ಮಡಿ ನೀರಿನ ಮಟ್ಟದ ಕೆಳಗೇ ಇರಲಿ.

ಪರೀಕ್ಷೆ: ಬೋರ್ಡ್ ಹಿಡಿದು, ಬರೀ ಕಾಲಿನಿಂದ, 25 ಮೀಟರ್ ನಿಲ್ಲದೆ. ವೇಗ ಬೇಕಿಲ್ಲ. ಒಂದೊಂದು ಒದೆತಕ್ಕೂ ದೇಹ ಮುಂದಕ್ಕೆ ಜಾರುವುದು ನಿಮಗೇ ಗೊತ್ತಾಗಬೇಕು. ಇದು ಆಗಲು ಕೆಲವರಿಗೆ ಒಂದು ವಾರ ಸಾಕು, ಕೆಲವರಿಗೆ ಒಂದು ತಿಂಗಳು ಬೇಕು. ಎರಡೂ ಸಹಜ.

## ಹಂತ 5: ಕೈ, ಆದರೆ ಚಿಕ್ಕದಾಗಿ

ಎದೆಮಟ್ಟದ ನೀರಿನಲ್ಲಿ ನಿಂತು, ಮುಂದಕ್ಕೆ ಬಾಗಿ, ಕೈಗಳನ್ನು ನೀರಿನೊಳಗೆ ಚಾಚಿ. ಅಂಗೈಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ, ಭುಜಕ್ಕಿಂತ ತುಸು ಅಗಲದವರೆಗೆ ನೀರನ್ನು ಹೊರಕ್ಕೆ ಒತ್ತಿ. ಅಲ್ಲಿಂದ ಮೊಣಕೈ ಬಾಗಿಸಿ. ಬೆರಳು ಕೆಳಕ್ಕೆ ನೋಡಲಿ, ಮೊಣಕೈ ನೀರಿನ ಮೇಲ್ಮೈ ಹತ್ತಿರವೇ ಉಳಿಯಲಿ. ಈಗ ಎರಡೂ ಅಂಗೈಗಳನ್ನು ಒಳಕ್ಕೆ, ಗಲ್ಲದ ಕೆಳಗೆ ತನ್ನಿ. ಅಲ್ಲಿ ನಿಲ್ಲಿಸಬೇಡಿ. ಹಾಗೇ ಮುಂದಕ್ಕೆ ಚಾಚಿಬಿಡಿ.

ಅಷ್ಟೇ. ಕೈ ಪಕ್ಕೆಯವರೆಗೆ, ಸೊಂಟದವರೆಗೆ ಹೋಗುವುದಿಲ್ಲ. ತುಂಬಾ ಹಿಂದೆ ಎಳೆದರೆ ಆ ಕ್ಷಣಕ್ಕೆ ಜೋರಾಗಿ ಹೋದ ಹಾಗೆ ಅನ್ನಿಸುತ್ತದೆ. ಆದರೆ ಅಷ್ಟು ದೂರದಿಂದ ಕೈಯನ್ನು ನೀರಿನೊಳಗೇ ಮುಂದಕ್ಕೆ ತರುವಾಗ ಗಳಿಸಿದ್ದೆಲ್ಲಾ ಹೋಗುತ್ತದೆ. ಮೇಲಾಗಿ ಉಸಿರು ತೆಗೆದುಕೊಳ್ಳುವಾಗ ಮುಂದೆ ಆಧಾರವೇ ಇರುವುದಿಲ್ಲ, ಮುಖ ಮುಳುಗುತ್ತದೆ. ಒಂದು ಸುಲಭದ ಗುರುತು: ಇಡೀ ಎಳೆತದಲ್ಲಿ ನಿಮ್ಮ ಕೈ ನಿಮಗೆ ಕಾಣುತ್ತಲೇ ಇರಬೇಕು. ಕಾಣೆಯಾದರೆ ಜಾಸ್ತಿ ಎಳೆದಿರಿ.

ನಿಂತು ಸರಿ ಬಂದ ಮೇಲೆ ನಡೆಯುತ್ತಾ ಮಾಡಿ. ಆಮೇಲೆ ಪುಲ್ ಬಾಯ್ ತೊಡೆಗಳ ನಡುವೆ ಇಟ್ಟುಕೊಂಡು, ಕಾಲು ಆಡಿಸದೆ, ಬರೀ ಕೈಯಿಂದ ಒಂದಿಷ್ಟು ದೂರ. ನಿಧಾನವಾಗಿಯೇ ಹೋಗುತ್ತೀರಿ, ಗಾಬರಿ ಬೇಡ. ಬೆರಳುಗಳನ್ನು ಬಿಗಿಯಾಗಿ ಅಂಟಿಸಿಕೊಳ್ಳುವ ಅಗತ್ಯವಿಲ್ಲ, ಸಣ್ಣ ಸಂದು ಇದ್ದರೂ ನಡೆಯುತ್ತದೆ.

ಪರೀಕ್ಷೆ: ಬರೀ ಕೈಯಿಂದ 10 ಮೀಟರ್, ಒಂದು ಸಲವೂ ಕೈ ಕಣ್ಣಿಗೆ ಮರೆಯಾಗದೆ.

## ಹಂತ 6: ಕೈಗೆ ಉಸಿರು ಜೋಡಿಸಿ

ಕೈ ಒಳಕ್ಕೆ ಬರುವಾಗ ಭುಜ ತಾನಾಗಿಯೇ ಸ್ವಲ್ಪ ಮೇಲೇಳುತ್ತದೆ. ತಲೆ ಅದರ ಜೊತೆ ಬರಬೇಕು, ಬೇರೆಯಾಗಿ ಎತ್ತಬಾರದು. ಗಲ್ಲ ನೀರಿಗೆ ತಾಗಿದಂತೆಯೇ ಇರಲಿ. ಬಾಯಿ ಹೊರಗೆ ಬಂದರೆ ಸಾಕಲ್ವಾ? ಎದೆಯವರೆಗೆ ಎದ್ದು ನಿಲ್ಲುವ ಸ್ಪರ್ಧಿಗಳನ್ನು ನೋಡಿ ಅನುಕರಿಸಬೇಡಿ. ಅವರ ಒದೆತದ ಬಲ ಬೇರೆ.

ನೋಟ ಎಲ್ಲಿರಬೇಕು? ಮುಂದಿನ ನೀರಿನ ಮೇಲೆ, ಒಂದೆರಡು ಮೀಟರ್ ದೂರದಲ್ಲಿ. ಎದುರಿನ ಗೋಡೆ ಎಷ್ಟು ದೂರ ಇದೆ ಅಂತ ನೋಡಲು ಹೋದರೆ ಕುತ್ತಿಗೆ ಹಿಂದಕ್ಕೆ ಬಾಗುತ್ತದೆ, ಸೊಂಟ ಇಳಿಯುತ್ತದೆ.

ಕೈ ಮುಂದಕ್ಕೆ ಹೋಗುವಾಗ ಮುಖವೂ ನೀರಿಗೆ ಹೋಗಬೇಕು. ಜಾರುವಾಗ ಗುಳ್ಳೆ ಬಿಡುತ್ತಾ ಇರಿ, ಮುಂದಿನ ಉಸಿರಿಗೆ ಸ್ವಲ್ಪ ಮುಂಚೆ ಉಳಿದ ಗಾಳಿಯನ್ನು ಜೋರಾಗಿ ಊದಿ ಹೊರಹಾಕಿ. ಪ್ರತಿ ಎಳೆತಕ್ಕೂ ಒಂದು ಉಸಿರು. ಒಂದು ಬಿಟ್ಟು ಒಂದಕ್ಕೆ ತೆಗೆದುಕೊಳ್ಳುವ ಸಾಹಸ ಈಗ ಬೇಡ.

## ಹಂತ 7: ಎಲ್ಲವನ್ನೂ ಜೋಡಿಸುವುದು

ಇಲ್ಲಿಯವರೆಗೆ ಚೆನ್ನಾಗಿ ಬಂದವರೂ ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಕೈ, ಕಾಲು ಒಟ್ಟಿಗೆ ಎಳೆದು ಒಟ್ಟಿಗೆ ಬಿಡುತ್ತಾರೆ. ಆಗ ಕೈ ತಳ್ಳಿದ್ದನ್ನು ಕಾಲು ತಡೆಯುತ್ತದೆ, ಕಾಲು ತಳ್ಳಿದ್ದನ್ನು ಕೈ ತಡೆಯುತ್ತದೆ.

ಕ್ರಮ ಹೀಗೆ: ಎಳೆ, ಉಸಿರು, ಒದೆ, ಜಾರು. ಕೈ ಹೊರಕ್ಕೆ ಒತ್ತಲು ಶುರು ಮಾಡಿದಾಗ ಕಾಲು ನೇರವಾಗಿ, ಸುಮ್ನೆ ಇರಬೇಕು. ಕೈ ಗಲ್ಲದ ಕೆಳಗೆ ಬರುವಾಗ ಹಿಮ್ಮಡಿ ಮೇಲಕ್ಕೆ ಬರಲು ಶುರು. ಕೈ ಮುಂದಕ್ಕೆ ಚಾಚಿ ಹೆಚ್ಚುಕಡಿಮೆ ನೇರವಾದಾಗ ಒದೆತ. ಒದೆತ ಚಾಚಿದ ಕೈಗಳ ಹಿಂದೆ ದೇಹವನ್ನು ನೂಕುತ್ತದೆ. ಆಮೇಲೆ ಕೈ ಕಾಲು ಎರಡೂ ನೇರ, ಮುಖ ಕೆಳಗೆ, ಜಾರುವಿಕೆ.

ನೇರವಾಗಿ ಪೂರ್ತಿ ಈಜಿಗೆ ಹೋಗಬೇಡಿ. ಈ ದಾರಿಯಲ್ಲಿ ಬನ್ನಿ:

1. ಗೋಡೆ ತಳ್ಳಿ ಜಾರಿ. ಒಂದೇ ಒಂದು ಪೂರ್ತಿ ಸ್ಟ್ರೋಕ್, ಅಂದರೆ ಒಂದು ಎಳೆತ, ಒಂದು ಒದೆತ. ಮತ್ತೆ ಜಾರಿ. ನಿಲ್ಲಿ. ಇದನ್ನೇ ಹತ್ತಾರು ಸಲ ಮಾಡಿ.

2. ಒಂದು ಎಳೆತ, ಎರಡು ಒದೆತ. ಮೊದಲ ಒದೆತ ಮಾಮೂಲಿ, ಎರಡನೆಯದು ಕೈ ಚಾಚಿಕೊಂಡೇ. ಕೈಗೆ ಕಾಯುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

3. ಒಂದು ಎಳೆತ, ಒಂದು ಒದೆತ, ಮೂರು ಎಣಿಸುವವರೆಗೆ ಜಾರುವಿಕೆ.

4. ಎಣಿಕೆಯನ್ನು ಎರಡಕ್ಕೆ ಇಳಿಸಿ. ದೇಹ ನಿಂತೇಹೋಗುವ ಮುಂಚೆ ಮುಂದಿನ ಎಳೆತ ಶುರುವಾಗಬೇಕು. ಪೂರ್ತಿ ನಿಂತ ಮೇಲೆ ಮತ್ತೆ ಚಲಿಸಲು ಜಾಸ್ತಿ ಶ್ರಮ ಬೇಕು, ಕಾಲೂ ಮುಳುಗಿರುತ್ತದೆ.

ಸರಿಯಾಗಿ ಆಗುತ್ತಿದೆಯಾ ಅಂತ ತಿಳಿಯಲು ಗಡಿಯಾರ ಬೇಡ. 25 ಮೀಟರ್‌ಗೆ ಎಷ್ಟು ಸ್ಟ್ರೋಕ್ ಆಯಿತು ಅಂತ ಎಣಿಸಿ. ವಾರದಿಂದ ವಾರಕ್ಕೆ ಆ ಸಂಖ್ಯೆ ಇಳಿಯುತ್ತಿದ್ದರೆ ಈಜು ಸುಧಾರಿಸುತ್ತಿದೆ. ಒಂದೇ ಕಡೆ ನಿಂತಿದ್ದರೆ ಜಾರುವಿಕೆಯನ್ನು ನುಂಗುತ್ತಿದ್ದೀರಿ, ಇಲ್ಲವೇ ಪಾದ ಮತ್ತೆ ಹಳೇ ಅಭ್ಯಾಸಕ್ಕೆ ಹೋಗಿದೆ.

ವಾರಕ್ಕೆ ಎರಡು ಮೂರು ಸಲ, ಸಲಕ್ಕೆ 30ರಿಂದ 45 ನಿಮಿಷ ಸಾಕು. ಸುಸ್ತಾದ ಮೇಲೆ ಮಾಡುವ ಅಭ್ಯಾಸದಲ್ಲಿ ಮೊದಲು ಕೆಡುವುದು ಪಾದದ ತಿರುವು. ಕೆಟ್ಟ ಒದೆತವನ್ನೇ ನೂರು ಸಲ ಮಾಡಿದರೆ ಅದೇ ಗಟ್ಟಿಯಾಗುತ್ತದೆ.

## ಏನೋ ಸರಿಯಿಲ್ಲ, ಎಲ್ಲಿ ನೋಡಬೇಕು?

ತಲೆ ಎತ್ತಿದಾಗಲೆಲ್ಲಾ ನೀರು ಬಾಯಿಗೆ ಹೋಗುತ್ತದೆ. ಹೆಚ್ಚಾಗಿ ಉಸಿರನ್ನು ತಡವಾಗಿ ತೆಗೆದುಕೊಳ್ಳುತ್ತಿದ್ದೀರಿ. ಕೈ ಮುಂದಕ್ಕೆ ಹೋಗಲು ಶುರುವಾದ ಮೇಲೆ ತಲೆಗೆ ಆಧಾರವಿಲ್ಲ. ಕೈ ಒಳಕ್ಕೆ ಬರುವಾಗಲೇ ಉಸಿರು ಮುಗಿಯಬೇಕು. ಇನ್ನೊಂದು ಕಾರಣ, ನೀರಿನೊಳಗೆ ಗಾಳಿ ಬಿಟ್ಟಿಲ್ಲ.

ಮೇಲೆ ಕೆಳಗೆ ಕುಣಿಯುತ್ತೇನೆ, ಮುಂದೆ ಹೋಗುವುದಿಲ್ಲ. ಕೈಯಿಂದ ನೀರನ್ನು ಕೆಳಕ್ಕೆ ಒತ್ತುತ್ತಿದ್ದೀರಿ. ಕೆಳಕ್ಕೆ ಒತ್ತಿದರೆ ದೇಹ ಮೇಲಕ್ಕೆ ಮಾತ್ರ ಹೋಗುತ್ತದೆ.

ಹಿಂದಕ್ಕೇ ಹೋಗುತ್ತಿದ್ದೇನೆ ಅನ್ನಿಸುತ್ತದೆ. ನಗಬೇಡಿ, ಹೀಗೂ ಆಗುತ್ತದೆ. ಪಾದ ಚಾಚಿದ ಹಾಗೇ ಇದ್ದು, ಕಾಲನ್ನು ಜೋರಾಗಿ ಎಳೆದುಕೊಂಡರೆ ಆ ಎಳೆತವೇ ದೇಹವನ್ನು ಹಿಂದಕ್ಕೆ ತಳ್ಳುತ್ತದೆ. ಹಂತ 3ಕ್ಕೆ ವಾಪಸ್.

ಬೋರ್ಡ್ ಹಿಡಿದಾಗ ಸರಿ, ಬಿಟ್ಟಾಗ ಮುಳುಗುತ್ತೇನೆ. ಬೋರ್ಡನ್ನು ಕೆಳಕ್ಕೆ ಒತ್ತಿಕೊಂಡು ತೇಲುತ್ತಿದ್ದಿರಿ. ಬೋರ್ಡ್ ಇಲ್ಲದೆ, ಕೈ ಚಾಚಿಕೊಂಡು, ಬರೀ ಕಾಲಿನಿಂದ ಹೋಗುವ ಅಭ್ಯಾಸ ಮಾಡಿ.

## ನಿಲ್ಲಿಸಬೇಕಾದ ಗುರುತುಗಳು

ಮೊಣಕಾಲಿನ ಒಳಬದಿಯಲ್ಲಿ ನೋವು ಬಂದರೆ ಆ ದಿನದ ಒದೆತ ಅಲ್ಲಿಗೇ ನಿಲ್ಲಿಸಿ. ಈ ಈಜುಗಾರರಲ್ಲಿ ಈ ನೋವು ಎಷ್ಟು ಸಾಮಾನ್ಯ ಅಂದರೆ ಅದಕ್ಕೆ 'ಬ್ರೆಸ್ಟ್‌ಸ್ಟ್ರೋಕರ್ಸ್ ನೀ' (ಬ್ರೆಸ್ಟ್‌ಸ್ಟ್ರೋಕ್ ಈಜುವವರ ಮೊಣಕಾಲು) ಅಂತಲೇ ಹೆಸರಿದೆ. ಒಳಬದಿಯ ಲಿಗಮೆಂಟ್ (ಮೂಳೆಗಳನ್ನು ಜೋಡಿಸಿ ಹಿಡಿಯುವ ಪಟ್ಟಿ) ಮೇಲೆ ಮತ್ತೆ ಮತ್ತೆ ಬೀಳುವ ಎಳೆತದಿಂದ ಇದು ಬರುತ್ತದೆ. ಮೊಣಕಾಲು ತುಂಬಾ ಅಗಲ ಅಥವಾ ತುಂಬಾ ಹತ್ತಿರ ಇದ್ದರೆ, ಬಿಸಿಯಾಗದ ಮೈಯಲ್ಲಿ ಒಮ್ಮೆಲೇ ಜೋರಾಗಿ ಒದ್ದರೆ, ಒದೆತವನ್ನು ಒಂದೇ ವಾರದಲ್ಲಿ ಬಹಳ ಜಾಸ್ತಿ ಮಾಡಿದರೆ ಬರುವ ಸಾಧ್ಯತೆ ಹೆಚ್ಚು. ವಿಶ್ರಾಂತಿಯಲ್ಲೂ ನೋವು ಉಳಿದರೆ, ಊತ ಬಂದರೆ ವೈದ್ಯರಿಗೆ ತೋರಿಸಿ. ತೊಡೆಸಂದಿನಲ್ಲಿ ಚುಚ್ಚುವ ನೋವಿಗೂ ಇದೇ ಮಾತು.

ಕುತ್ತಿಗೆ ಮತ್ತು ಸೊಂಟದ ನೋವು ಬಂದರೆ ನೀವು ಮುಖವನ್ನು ನೀರಿಗಿಡದೆ ಈಜುತ್ತಿದ್ದೀರಿ ಅಂತ ಅನುಮಾನಿಸಿ. ಹಂತ 6ನ್ನು ಮತ್ತೆ ಮಾಡಿ.

ನಡುಕ, ತುಟಿ ನೀಲಿಯಾಗುವುದು, ತಲೆಸುತ್ತು, ಎದೆನೋವು ಕಂಡರೆ ಕೂಡಲೇ ಹೊರಗೆ ಬನ್ನಿ. ಮೀನಖಂಡ ಹಿಡಿದುಕೊಂಡರೆ ಗಾಬರಿಯಾಗದೆ ಅಂಗಾತ ತೇಲಿ, ಅಂಚಿಗೆ ಬಂದು, ಪಾದವನ್ನು ಮೇಲಕ್ಕೆ ಮಡಚಿ ಹಿಗ್ಗಿಸಿ. ನೀರು ಶ್ವಾಸಕೋಶಕ್ಕೆ ಹೋಗಿ ಜೋರಾಗಿ ಕೆಮ್ಮಿದ ಮೇಲೆ ಕೆಲವು ಗಂಟೆಗಳಾದರೂ ಕೆಮ್ಮು ನಿಲ್ಲದಿದ್ದರೆ, ಉಸಿರಾಟ ಕಷ್ಟವಾದರೆ, ವಿಪರೀತ ಮಂಪರು ಬಂದರೆ ಕಾಯಬೇಡಿ. ಆಸ್ಪತ್ರೆಗೆ ಹೋಗಿ.

## ಹಂತ 8: ಆಳದ ಕಡೆಗೆ, ಮತ್ತು ತಿರುವು

25 ಮೀಟರ್ ಈಜಿದ ಮಾತ್ರಕ್ಕೆ ಆಳಕ್ಕೆ ಹೋಗಬಹುದು ಅಂತಲ್ಲ. ಅದಕ್ಕೆ ಮುಂಚೆ ಇನ್ನೆರಡು ಕೌಶಲ ಬೇಕು. ಒಂದು, ಅಂಗಾತ ತೇಲಿಕೊಂಡು ಆರಾಮಾಗಿ ಉಸಿರಾಡುವುದು. ಎರಡು, ನಿಂತ ಭಂಗಿಯಲ್ಲೇ ತೇಲುವುದು. ನೆಟ್ಟಗಿದ್ದುಕೊಂಡು ಇದೇ ಒದೆತವನ್ನು ಚಿಕ್ಕದಾಗಿ ಮಾಡುತ್ತಾ, ಅಂಗೈಗಳನ್ನು ನೀರಿನೊಳಗೆ ಎಡಕ್ಕೆ ಬಲಕ್ಕೆ ಸವರುತ್ತಾ ಇದ್ದರೆ ತಲೆ ಮೇಲೆ ನಿಲ್ಲುತ್ತದೆ. ಇದನ್ನು ಅಂಚಿನ ಪಕ್ಕದಲ್ಲೇ ಕಲಿಯಿರಿ. ಎರಡು ನಿಮಿಷ ಅಂಚು ಮುಟ್ಟದೆ ಇರಲು ಆದ ಮೇಲೆ, ಜೊತೆಗಾರರೊಂದಿಗೆ, ಗೋಡೆಯ ಪಕ್ಕದ ಲೇನಿನಲ್ಲಿ ಆಳದ ಕಡೆ ಹೋಗಿ. ಕೆರೆ, ನದಿ, ಸಮುದ್ರ ಬೇರೆಯದೇ ವಿಷಯ. ಅಲ್ಲಿ ಗೋಡೆ ಇಲ್ಲ, ತಳ ಕಾಣುವುದಿಲ್ಲ, ಸೆಳೆತ ಇರುತ್ತದೆ. ಕೊಳದ 25 ಮೀಟರ್ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ತಿರುವು ಸುಲಭ. ಗೋಡೆಯನ್ನು ಎರಡೂ ಕೈಯಿಂದ ಒಟ್ಟಿಗೆ ಮುಟ್ಟಿ. ಸ್ಪರ್ಧೆಯ ನಿಯಮವೂ ಅದೇ, ಹಾಗಾಗಿ ಈಗಿನಿಂದಲೇ ರೂಢಿಯಾಗಲಿ. ಮೊಣಕಾಲು ಎಳೆದುಕೊಳ್ಳಿ, ಒಂದು ಕೈಯನ್ನು ಬಿಟ್ಟು ದೇಹ ತಿರುಗಿಸಿ, ಉಸಿರು ತೆಗೆದುಕೊಳ್ಳಿ, ಇನ್ನೊಂದು ಕೈಯೂ ಬರಲಿ, ಎರಡೂ ಪಾದದಿಂದ ಗೋಡೆ ತಳ್ಳಿ. ತಳ್ಳಿದ ಕೂಡಲೇ ಕೈ ಎಳೆಯಬೇಡಿ. ಇಡೀ ಈಜಿನಲ್ಲಿ ನಿಮ್ಮ ವೇಗ ಅತಿ ಹೆಚ್ಚಿರುವುದು ಗೋಡೆ ಬಿಟ್ಟ ಆ ಕ್ಷಣದಲ್ಲೇ. ವೇಗ ಇಳಿಯುತ್ತಿದೆ ಅನ್ನಿಸಿದಾಗ ಮೊದಲ ಎಳೆತ ಶುರು ಮಾಡಿ.